ತಾಯಿಗೆ ಪಾಠ, ಮಗುವಿಗೆ ಗಂಜಿ

ಸೆಪ್ಟೆಂಬರ್ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಂಗನವಾಡಿಗಳಲ್ಲಿ ಸಡಗರ. ಅದು ಪೋಷಣ ಮಾಸ. ಜಗಲಿಯ ಮೇಲೆ ಹೆಸರುಕಾಳು, ರಾಗಿ, ಕೆಂಪಕ್ಕಿಯಲ್ಲಿ ಬಿಡಿಸಿದ ರಂಗೋಲಿ; ಬಾಳೆಲೆಯ ಮೇಲೆ ಹರಿವೆ, ನುಗ್ಗೆ, ಒಂದೆಲಗ, ಪಪ್ಪಾಯಿ; ಬಸುರಿಯರಿಗೆ ಸೀಮಂತ, ಬಾಣಂತಿಯರಿಗೆ ಬಾಗಿನ. ಆಮೇಲೆ ಭಾಷಣ. ಭಾಷಣಕಾರರು ಬದಲಾಗುತ್ತಾರೆ, ಸಾರ ಬದಲಾಗುವುದಿಲ್ಲ: ಮಲೆನಾಡಿನಲ್ಲಿ ತಿನ್ನಲು ಏನೂ ಕಡಿಮೆಯಿಲ್ಲ, ಹಿತ್ತಲ ತುಂಬ ಸೊಪ್ಪಿದೆ, ಆದರೂ ಮಕ್ಕಳು ಸೊರಗಿವೆ; ಕಾರಣ ತಾಯಂದಿರಿಗೆ ತಿಳಿವಳಿಕೆ ಸಾಲದು. ಎದುರಿಗೆ ಕುಳಿತ ಹೆಂಗಸರು ತಲೆಯಾಡಿಸುತ್ತಾರೆ. ಫೋಟೊ ತೆಗೆದು ಮೇಲಕ್ಕೆ ಕಳಿಸಿದರೆ ಕಾರ್ಯಕ್ರಮ ಮುಗಿಯಿತು.

ಈ ರೋಗನಿರ್ಣಯ ಎಲ್ಲರಿಗೂ ಅನುಕೂಲದ್ದು. ಇಲಾಖೆಗೆ ಅನುಕೂಲ, ಭಾಷಣಕ್ಕೆ ತಗಲುವುದು ಶಾಮಿಯಾನದ ಬಾಡಿಗೆ ಮಾತ್ರ. ತೋಟದ ಯಜಮಾನರಿಗೆ ಅನುಕೂಲ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಶಾಸಕರಿಗೆ ಅನುಕೂಲ, ವೈದ್ಯರಿಗೆ ಅನುಕೂಲ, ಪತ್ರಿಕೆಯಲ್ಲಿ ಪೌಷ್ಟಿಕ ಆಹಾರದ ಅಂಕಣ ಬರೆಯುವವರಿಗಂತೂ ತೀರಾ ಅನುಕೂಲ. ಅನನುಕೂಲವಾಗುವುದು ಒಬ್ಬಳಿಗೇ. ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಮನೆ ಸೇರುವ ಆ ಹೆಂಗಸಿಗೆ ಮಗುವಿನ ರಕ್ತದಲ್ಲಿ ಕಬ್ಬಿಣ ಕಡಿಮೆಯಾದ ತಪ್ಪನ್ನೂ ಹೊರಿಸಲಾಗುತ್ತದೆ.

ಮಲೆನಾಡಿನಲ್ಲಿ ಹಸಿವಿಲ್ಲ ಎಂಬ ನಂಬಿಕೆಗೆ ಒಂದು ಭೂಪಟವೂ ಇದೆ. ಕರ್ನಾಟಕದಲ್ಲಿ ಅಪೌಷ್ಟಿಕತೆ ಎಂದೊಡನೆ ನೆನಪಾಗುವುದು ರಾಯಚೂರು. 2011ರಲ್ಲಿ ಅಲ್ಲಿನ ಮಕ್ಕಳ ಸಾವು ಸುದ್ದಿಯಾಗಿ, ಹೈಕೋರ್ಟ್ ಮಧ್ಯೆ ಪ್ರವೇಶಿಸಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2012ರಲ್ಲಿ ವರದಿ ಕೊಟ್ಟ ಮೇಲೆ ಆ ಚಿತ್ರ ಗಟ್ಟಿಯಾಯಿತು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗಲೂ ಮೊದಲ ಪಟ್ಟಿಯಲ್ಲಿ ಇದ್ದದ್ದು ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ. ಬರದ ಸೀಮೆಯಲ್ಲಿ ಹಸಿವು, ಮಳೆಯ ಸೀಮೆಯಲ್ಲಿ ಹೊಟ್ಟೆ ತುಂಬ ಊಟ, ಇದೇ ಲೆಕ್ಕ. ಉತ್ತರದ ಜಿಲ್ಲೆಗಳಿಗೆ ಮೊದಲು ಕೊಟ್ಟದ್ದು ತಪ್ಪಲ್ಲ, ಅಲ್ಲಿನ ಸ್ಥಿತಿ ನಿಜವಾಗಿಯೂ ಹೆಚ್ಚು ಕೆಟ್ಟದ್ದು. ಆ ಲೆಕ್ಕದಿಂದ ಮಲೆನಾಡಿಗೆ ಸಿಕ್ಕ ನೆಮ್ಮದಿ ಮಾತ್ರ ಸುಳ್ಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಹೇಳುವ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9 ಮಕ್ಕಳು ತೂಕದಲ್ಲಿ ಹಿಂದೆ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ರಕ್ತಹೀನತೆ ಶೇ. 65.5. ಹಿಂದಿನ ಸುತ್ತಿನಲ್ಲಿ ಅದು ಶೇ. 60.9 ಇತ್ತು. ಪೋಷಣ ಅಭಿಯಾನ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಎರಡು ಸುತ್ತುಗಳ ನಡುವೆ ಭಾಷಣಗಳು ಹೆಚ್ಚಿದವು, ರಂಗೋಲಿಗಳು ಹೆಚ್ಚಿದವು. ಮಕ್ಕಳ ರಕ್ತಹೀನತೆಯೂ ಹೆಚ್ಚಿತು.

ಅದೇ ಸಮೀಕ್ಷೆಯ ಇನ್ನೊಂದು ಪುಟವನ್ನು ತಿಳಿವಳಿಕೆ-ವಾದಿಗಳು ತೆರೆದು ನೋಡಬೇಕು. ದೇಶದ ಅತಿ ಶ್ರೀಮಂತ ಐದನೇ ಒಂದು ಭಾಗದ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಪುಟ್ಟ ಮಕ್ಕಳಿಗೆ ರಕ್ತಹೀನತೆ ಇದೆ. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು ದೇಶದಲ್ಲಿ ಶೇ. 11.3 ಮಕ್ಕಳಿಗೆ ಮಾತ್ರ. ಅಂದರೆ ನೂರರಲ್ಲಿ ಎಂಬತ್ತೆಂಟಕ್ಕೂ ಹೆಚ್ಚು ತಾಯಂದಿರು ದಡ್ಡರೇ? ಪದವಿ ಪಡೆದವರು, ಶಿಕ್ಷಕಿಯರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಎಲ್ಲರೂ ಸೇರಿ? ಒಂದು ಕೊರತೆ ಇಷ್ಟು ಜನರಲ್ಲಿ ಕಂಡಾಗ ಒಬ್ಬೊಬ್ಬ ಹೆಂಗಸಿನ ತಲೆಯೊಳಗೆ ಕಾರಣ ಹುಡುಕುವುದನ್ನು ಬಿಟ್ಟು ಅವರು ಬದುಕುತ್ತಿರುವ ದಿನಚರಿಯ ಕಡೆ ನೋಡುವುದು ಲೇಸು.

ಮಲೆನಾಡಿನ ತಾಯಿಗೆ ಗೊತ್ತಿರುವುದೇನು ಎಂದು ಒಮ್ಮೆ ಪಟ್ಟಿ ಮಾಡಿದರೆ ಭಾಷಣ ಮಾಡುವವರಿಗೇ ಮುಜುಗರವಾದೀತು. ಕೂಸಿಗೆ ಆರು ತಿಂಗಳಾದೊಡನೆ ರಾಗಿ ಮಣ್ಣಿ ತಿನ್ನಿಸಬೇಕೆಂಬುದು ಇಲ್ಲಿನ ಅಜ್ಜಿಯರಿಗೆ ಯಾವ ಇಲಾಖೆಯೂ ಕಲಿಸಿದ್ದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ಕ್ರಮವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು 1980ರ ದಶಕದಲ್ಲಿ ವೈಜ್ಞಾನಿಕವಾಗಿ ಪರಿಶೀಲಿಸಿದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಮಣ್ಣಿ ಗಟ್ಟಿಯಾಗಿ ಗಂಟಲಿಗೆ ಸಿಕ್ಕುವುದಿಲ್ಲ. ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕೂಡ ಮೊಳಕೆಯಲ್ಲಿ ತಗ್ಗುತ್ತದೆ. ಅಜ್ಜಿ ಮಾಡುತ್ತಿದ್ದದ್ದು ಸರಿ ಎಂದು ಪ್ರಯೋಗಾಲಯ ಒಪ್ಪಿತು. ಆಮೇಲೂ ಭಾಷಣಕಾರರು ಅಜ್ಜಿಯ ಮಗಳಿಗೆ ಪಾಠ ಹೇಳುವುದನ್ನು ನಿಲ್ಲಿಸಲಿಲ್ಲ.

ಹಾಗಿದ್ದರೆ ತೋಟದ ಕೂಲಿಯವರಿರುವ ಲೈನ್ ಮನೆಯ ಮಗುವಿನ ಬಟ್ಟಲಲ್ಲಿ ಮಣ್ಣಿಯ ಬದಲು ತಿಳಿ ಗಂಜಿ ಏಕಿದೆ? ಮೊದಲ ಉತ್ತರ ಮಳೆ. ಆರಿದ್ರಾದಿಂದ ಮಘೆಯವರೆಗೆ ಶೃಂಗೇರಿ, ಕೆರೆಕಟ್ಟೆ, ಕಿಗ್ಗದ ಕಡೆ ಬಟ್ಟೆಯೇ ಒಣಗುವುದಿಲ್ಲ, ಮೊಳಕೆ ರಾಗಿ ಒಣಗೀತೇ? ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಹುದು, ಅಟ್ಟವಿದ್ದರೆ. ಎರಡನೆಯದು, ರಾಗಿ ಇಲ್ಲಿನ ಬೆಳೆಯಲ್ಲ, ದುಡ್ಡು ಕೊಟ್ಟು ತರಬೇಕು. ಪಡಿತರದಲ್ಲಿ ಬರುವುದು ಹೆಚ್ಚಾಗಿ ಅಕ್ಕಿ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಹೊತ್ತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂಬತ್ತು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 300 ಕಿಲೋಕ್ಯಾಲರಿ ಹೊರಗಿನ ಆಹಾರದಿಂದ ಬರಬೇಕು. ವರ್ಷ ತುಂಬಿದ ಮೇಲೆ ಸುಮಾರು 550. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಿಳಿ ಅಕ್ಕಿಗಂಜಿಯಲ್ಲಿ ನೂರು ಮಿಲಿಗೆ ಮೂವತ್ತು ನಲವತ್ತು ಕಿಲೋಕ್ಯಾಲರಿ ಇದ್ದರೆ ಹೆಚ್ಚು. ಮುನ್ನೂರು ತುಂಬಿಸಲು ಹೆಚ್ಚುಕಡಿಮೆ ಒಂದು ಲೀಟರ್ ಗಂಜಿ ಕುಡಿಸಬೇಕು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಇನ್ನೂರೈವತ್ತು ಮಿಲಿಯ ಆಸುಪಾಸು. ಆದ್ದರಿಂದ ಗಂಜಿ ಗಟ್ಟಿಯಾಗಬೇಕು, ಅದರಲ್ಲಿ ಬೇಳೆ, ಮೊಟ್ಟೆ, ಒಂದು ಚಮಚ ತುಪ್ಪವೋ ಎಣ್ಣೆಯೋ ಇರಬೇಕು, ದಿನಕ್ಕೆ ಮೂರು ನಾಲ್ಕು ಸಲ ಯಾರಾದರೂ ಎದುರು ಕೂತು, ಪುಸಲಾಯಿಸಿ, ಉಗುಳಿದ್ದನ್ನು ಒರೆಸಿ, ಮತ್ತೆ ತಿನ್ನಿಸಬೇಕು. ಮಗುವಿಗೆ ತಿನ್ನಿಸುವುದು ಒಂದು ಉದ್ಯೋಗ. ಒಂದು ಸಲಕ್ಕೆ ಅರ್ಧ ಗಂಟೆ ಹಿಡಿದರೂ ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆ ಯಾರ ಬಳಿ ಇದೆ?

ಅಡಿಕೆ ಸುಗ್ಗಿಯಲ್ಲಿ ಯಾರ ಬಳಿಯೂ ಇಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಗೊನೆ ಕೊಯ್ಲು, ಸುಲಿತ, ಬೇಯಿಸುವುದು, ಅಂಗಳಕ್ಕೆ ಹರವುವುದು. ಅದರ ಮಧ್ಯೆಯೇ ಬಾಳೆಹೊನ್ನೂರು, ಕೊಪ್ಪದ ಕಡೆ ಕಾಫಿ ಕೊಯ್ಲು. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸಿಗೆ ಸುಲಿದಷ್ಟಕ್ಕೇ ಕೂಲಿ. ಎದ್ದು ಹೋದ ಪ್ರತಿ ಅರ್ಧ ಗಂಟೆಗೂ ಬೆಲೆ ಇದೆ, ಅದನ್ನು ಅವಳೇ ತೆರಬೇಕು. ಸುಲಿಯುವ ಯಂತ್ರ ಬಂದ ಕಡೆ ಆ ಕೂಲಿಯೂ ಕಡಿಮೆಯಾಗಿದೆ. ಮಗು ಮನೆಯಲ್ಲಿ ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ, ಇಲ್ಲವೇ ಕಣ್ಣು ಮಂಜಾದ ಅಜ್ಜಿಯ ಬಳಿ. ಹಸಿವಾದರೆ ಬೆಳಗಿನ ಗಂಜಿಯ ಉಳಿಕೆ, ಅಥವಾ ಟೀಗೆ ಅದ್ದಿದ ಬಿಸ್ಕತ್ತು. ಟೀಯಲ್ಲಿನ ಟ್ಯಾನಿನ್ ಅನ್ನದ ಅಲ್ಪಸ್ವಲ್ಪ ಕಬ್ಬಿಣವನ್ನೂ ಕರುಳು ಹೀರದಂತೆ ತಡೆಯುತ್ತದೆ ಎಂಬುದನ್ನು ಆ ತಾಯಿಗೆ ವಿವರಿಸಿ ಹೇಳಬಹುದು. ಮಧ್ಯಾಹ್ನ ಮನೆಯಲ್ಲಿ ಇಲ್ಲದವಳು ಅದನ್ನು ತಿಳಿದು ಏನು ಮಾಡಬೇಕು ಎಂಬುದನ್ನೂ ಹೇಳುವವರೇ ವಿವರಿಸಲಿ.

ಈ ಸಮಸ್ಯೆಯನ್ನು ದೇಶ ಕಂಡಿರಲಿಲ್ಲ ಎನ್ನುವಂತಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಶಿಶುವಿಹಾರದ ಮಾತಿತ್ತು: ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಮಕ್ಕಳಿಗೆ ಕೋಣೆ ಬೇಕು, ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು ಬೇಕು. ಆಮೇಲಿನ ತಿದ್ದುಪಡಿ ಆಳುಗಳ ಮಕ್ಕಳು ಇಪ್ಪತ್ತಿದ್ದರೂ ಸಾಕು ಎಂದಿತು. ಎಲ್ಲವೂ ಸರಿ. ಆದರೆ ಕಾಯ್ದೆ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬದುಕನ್ನು ನಡೆಸುವ ಬೆಳೆಯೇ ಹೊರಗುಳಿಯಿತು. ಇಲ್ಲಿ ಯಾರೂ ಬೆಳೆಯದ ಸಿಂಕೋನಾ ಒಳಗಿದೆ.

ಹಾಗಾದರೆ ಅಂಗನವಾಡಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಗಿ ಐವತ್ತು ವರ್ಷ ಕಳೆದಿದೆ. ಆದರೆ ಅಂಗನವಾಡಿಯಲ್ಲಿ ಕೂತು ಬಿಸಿ ಊಟ ಮಾಡುವುದು ಮೂರರಿಂದ ಆರು ವರ್ಷದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೆ ಒಯ್ಯುವ ಪೊಟ್ಟಣ. ಮಿದುಳು ಅತಿ ವೇಗವಾಗಿ ಬೆಳೆಯುವುದು, ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಖಾಲಿಯಾಗುವುದು, ಎತ್ತರ ಕುಂಠಿತವಾಗಿ ಮತ್ತೆ ಸರಿಪಡಿಸಲು ಕಷ್ಟವಾಗುವುದು, ಎಲ್ಲವೂ ಈ ಎರಡೂವರೆ ವರ್ಷದಲ್ಲೇ. ಆ ಎರಡೂವರೆ ವರ್ಷಕ್ಕೆ ಸರ್ಕಾರದ ಉತ್ತರ ಒಂದು ಪೊಟ್ಟಣ. ಪೊಟ್ಟಣ ತಾನಾಗಿ ಬೇಯುವುದಿಲ್ಲ, ತಾನಾಗಿ ತಿನ್ನಿಸುವುದೂ ಇಲ್ಲ. ಮನೆಗೆ ಬಂದ ಮೇಲೆ ಅದು ಅಕ್ಕನಿಗೂ ಅಣ್ಣನಿಗೂ ಪಾಲಾಗುವುದು ಸಹಜ. ಕೇಂದ್ರ ಸರ್ಕಾರ 2017ರಲ್ಲಿ ಈ ಪೂರಕ ಆಹಾರಕ್ಕೆ ನಿಗದಿ ಮಾಡಿದ್ದು ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ. ಅದರಲ್ಲಿ 500 ಕಿಲೋಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಬರಬೇಕು. ಕೊಪ್ಪದ ಸಂತೆಯಲ್ಲಿ ಆ ದುಡ್ಡಿಗೆ ಒಂದು ಮೊಟ್ಟೆ ಸಿಕ್ಕರೆ ದೊಡ್ಡದು.

ಆ ಪೊಟ್ಟಣವಾದರೂ ಸಲೀಸಾಗಿ ಸಿಗುತ್ತದೆಯೇ? 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ಗುರುತಿಸುವುದು ಕಡ್ಡಾಯವಾಯಿತು. ಮೊಬೈಲಿಗೆ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಕಾರ್ಯಕರ್ತೆ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ತಾಯಂದಿರ ಮುಖ ಹುಡುಕಬೇಕು. ಕಳವು ತಡೆಯಲು ಇದು ಬೇಕು ಎನ್ನುತ್ತಾರೆ. ಕಳವು ಎಲ್ಲಿ ಆಗುತ್ತದೆ ಎಂಬುದು ಟೆಂಡರು ಕರೆಯುವವರಿಗೆ ಗೊತ್ತು. ಅಲ್ಲಿ ಯಾರೂ ಮುಖ ಸ್ಕ್ಯಾನ್ ಮಾಡುವುದಿಲ್ಲ.

2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಕಥೆಯೂ ಇಂಥದ್ದೇ. ಬಸುರಿ-ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಪೂರ್ತಿ ಊಟ ಮಾಡಲಿ ಎಂಬುದು ಅದರ ಆಶಯ. ಆಶಯ ಬಹಳ ಒಳ್ಳೆಯದು. ಬಯಲುಸೀಮೆಯಲ್ಲಿ ಊರೆಂದರೆ ಬೀದಿ, ಬೀದಿಯ ತುದಿಗೆ ಅಂಗನವಾಡಿ. ಮಲೆನಾಡಿನಲ್ಲಿ ಊರೆಂದರೆ ಒಂದು ಗುಡ್ಡದ ಮಗ್ಗುಲಲ್ಲಿ ಎರಡು ಮನೆ, ಹಳ್ಳ ದಾಟಿದರೆ ಮತ್ತೊಂದು, ಗದ್ದೆಯಂಚು ಹಿಡಿದು ನಡೆದರೆ ನಾಲ್ಕು ಲೈನ್ ಮನೆ. ಎಂಟು ತಿಂಗಳ ಬಸುರಿ ಸಂಕ ದಾಟಿ, ಜಿಗಣೆ ಕಿತ್ತುಕೊಂಡು, ಊಟಕ್ಕೆಂದು ಹೋಗಿ ಬರಬೇಕು. ಬರದಿದ್ದವಳ ಬಗ್ಗೆ ಬರೆದುಕೊಳ್ಳುವ ಷರಾ ಮತ್ತದೇ: ಅರಿವಿನ ಕೊರತೆ.

ಬಸ್ಸಿನ ಮಾತು ಇಲ್ಲಿ ಅಪ್ರಸ್ತುತ ಎನಿಸಬಹುದು, ಆದರೆ ಅಲ್ಲ. 1991ರಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿಯ ಕಾರ್ಮಿಕರು ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಬೇರೆ ಯಾರೂ ಹೋಗದ ಹಾದಿಗಳಲ್ಲಿ ಬಸ್ಸು ಓಡಿಸುತ್ತಿತ್ತು. ಕಾರ್ಮಿಕರೇ ಮಾಲೀಕರಾಗಿದ್ದ ಆ ಸಂಸ್ಥೆ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಹದಿನಾಲ್ಕು ದಿನ ತಾಯಿಯೂ ಜೊತೆಗಿರಬೇಕು. ಕೂಲಿಗೆ ಬದಲಾಗಿ ಒಂದಷ್ಟು ಭತ್ಯೆಯೂ ಉಂಟು. ಆದರೆ ಅವಳಿಗೆ ಇನ್ನೆರಡು ಮಕ್ಕಳಿದ್ದರೆ? ಬೆಳಗಿನ ಒಂದೇ ಬಸ್ಸು ನಿಂತಿದ್ದರೆ? ಆಟೋಗೆ ಕೊಡುವ ದುಡ್ಡಿಗೆ ಎರಡು ದಿನದ ಕೂಲಿ ಹೋದರೆ? ಆಸ್ಪತ್ರೆಯ ದಾಖಲೆಯಲ್ಲಿ ಆಗಲೂ ಉಳಿಯುವುದು ಪೋಷಕರು ನಿರಾಕರಿಸಿದರು ಎಂಬ ಸಾಲು.

ಬಡವರ ತಟ್ಟೆಯನ್ನೇ ಮೊದಲು ಶಂಕಿಸುವ ಚಾಳಿ ಮಲೆನಾಡಿಗೆ ಹೊಸದಲ್ಲ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ಜನ ಕುಬ್ಜರಾಗುವ, ನಡೆಯಲಾರದಂತಾಗುವ ಕಾಯಿಲೆ ಬೆಳಕಿಗೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಅದು ಕಂಡಿತು; ಹೆಚ್ಚಾಗಿ ಚನ್ನಂಗಿ, ಛಲವಾದಿ ಸಮುದಾಯಗಳ ಬಡ ಕೃಷಿ ಕೂಲಿಗಳಲ್ಲಿ. ಮೊದಲು ಬಲವಾಗಿ ಹರಡಿದ ಅನುಮಾನ ಅವರು ಗದ್ದೆಯಿಂದ ಹಿಡಿದು ತಿನ್ನುತ್ತಿದ್ದ ಏಡಿ, ಮೀನಿನ ಮೇಲೆ. ಅದರಲ್ಲಿ ಸೇರಿರಬಹುದಾದ ಕೀಟನಾಶಕದ ಮೇಲೆ. ಮುಂದಿನ ಅಧ್ಯಯನಗಳು ಅದು ವಂಶವಾಹಿಯಿಂದ ಬರುವ ಮೂಳೆಯ ರೋಗ, ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು ತೋರಿಸಿದವು. ಆ ವೇಳೆಗೆ ಏಡಿಯ ಕತೆ ಊರೂರು ಸುತ್ತಿತ್ತು. ವಿಜ್ಞಾನಿಗಳು ಊಹೆಯನ್ನು ಪರೀಕ್ಷಿಸಿ ಕೈಬಿಟ್ಟರು, ಅದು ಅವರ ಧರ್ಮ. ಸಮಾಜ ಕೈಬಿಡಲಿಲ್ಲ. ಸುಣ್ಣದ ಅಂಶ, ಪ್ರೋಟೀನು ತುಂಬಿದ, ಬಿಟ್ಟಿ ಸಿಗುವ ಏಡಿ ಆರೋಪಿಯ ಕಟಕಟೆಯಲ್ಲೇ ನಿಂತಿತು. ಈಗ ಗದ್ದೆಗಳೇ ಅಡಿಕೆ ತೋಟವಾಗುತ್ತಿವೆ. ಭತ್ತದ ಜೊತೆಗೆ ಏಡಿ, ಗದ್ದೆ ಮೀನು, ಎರಡನೇ ಬೆಳೆಯ ಹುರುಳಿ, ಅಲಸಂದೆ ಎಲ್ಲವೂ ಬಟ್ಟಲಿನಿಂದ ಮಾಯವಾಗುತ್ತಿವೆ. ಇದಕ್ಕೆ ಯಾವ ತಾಯಿಯ ಅಜ್ಞಾನ ಕಾರಣ?

ಕೊರತೆಯೊಂದನ್ನು ನಿಜವಾಗಿ ತಗ್ಗಿಸಿದ ಉದಾಹರಣೆಯೂ ಇಲ್ಲೇ ಇದೆ. ವರ್ಷವರ್ಷವೂ ಸುರಿಯುವ ಮಳೆ ಮಲೆನಾಡಿನ ಮಣ್ಣಿನಿಂದ ಅಯೋಡಿನ್ ತೊಳೆದೊಯ್ಯುತ್ತದೆ. ಗಳಗಂಡ ಕಾಣುವ ಜಿಲ್ಲೆಗಳ ಸಾಲಿನಲ್ಲಿ ಚಿಕ್ಕಮಗಳೂರು ಹಿಂದಿನಿಂದ ಇದೆ. ಕುತ್ತಿಗೆಯ ಗಂಟು ಕಣ್ಣಿಗೆ ಕಾಣುವ ಭಾಗ ಮಾತ್ರ. ಬಸುರಿಯಲ್ಲಿ ಅಯೋಡಿನ್ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೇ ಪೆಟ್ಟು. ಇದಕ್ಕೆ ಸಿಕ್ಕ ಉತ್ತರ ಉಪ್ಪಿಗೇ ಅಯೋಡಿನ್ ಬೆರೆಸುವುದು: ತಯಾರಾಗುವಲ್ಲಿ ದಶಲಕ್ಷಕ್ಕೆ 30 ಭಾಗ, ಮನೆ ಮುಟ್ಟುವಾಗ ಕನಿಷ್ಠ 15. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ 1997ರಲ್ಲಿ ಬಂದ ನಿಷೇಧವನ್ನು 2000ದಲ್ಲಿ ತೆಗೆದು, 2006ರ ಮೇ ತಿಂಗಳಲ್ಲಿ ಮತ್ತೆ ಹೇರಲಾಯಿತು. ಲೈನ್ ಮನೆಯ ಹೆಂಗಸು ಥೈರಾಯ್ಡ್ ಗ್ರಂಥಿಯ ಬಗ್ಗೆ ಉಪನ್ಯಾಸ ಕೇಳಬೇಕಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಉಪ್ಪೇ ಬದಲಾಯಿತು.

ಉಪ್ಪಿನ ವಿಷಯದಲ್ಲಿ ಈಗ ಪಾಠ ಬೇಕಾಗಿರುವುದು ಬೇರೆಯವರಿಗೆ. ಹಿಮಾಲಯದ ಗುಲಾಬಿ ಉಪ್ಪು, ಸೈಂಧವ ಲವಣ, ರಾಸಾಯನಿಕವಿಲ್ಲದ ಶುದ್ಧ ಉಪ್ಪು ಎಂದು ನಾಲ್ಕು ಪಟ್ಟು ಬೆಲೆ ಕೊಟ್ಟು ಅಯೋಡಿನ್ ಬೆರೆಸದ ಉಪ್ಪನ್ನು ಮನೆಗೆ ತರುವವರು ಓದಿದವರು. ಹಳೆಯ ಮನೆಗಳಲ್ಲಿ ಕಲ್ಲುಪ್ಪನ್ನು ಮರಿಗೆಯಲ್ಲಿಟ್ಟು ಮಳೆಗಾಲದ ತೇವಕ್ಕೆ ನೀರಾಗಿ ತೊಟ್ಟಿಕ್ಕಲು ಬಿಡುತ್ತಿದ್ದರು. ಆ ನೀರಿನ ಜೊತೆ ಅಯೋಡಿನ್ ಕೂಡ ಸೋರಿಹೋಗುತ್ತದೆ. ಆ ಸುಂದರ ಮರಿಗೆಯನ್ನು ಅಲಂಕಾರಕ್ಕಿಡಲಿ, ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಲಿ.

ಓದಿದ ಮನೆಗಳ ಮಾತು ಬಂದಾಗ ಇನ್ನೆರಡನ್ನು ಹೇಳದೆ ಬಿಡುವಂತಿಲ್ಲ. ಕೊಟ್ಟಿಗೆಯ ಹಸುವಿನ ಹಾಲು ಕೂಸಿಗೆ ಅಮೃತ ಎಂದು ವರ್ಷ ತುಂಬುವ ಮೊದಲೇ ಬಾಟಲಿಗಟ್ಟಲೆ ಕುಡಿಸುವುದು ಸ್ಥಿತಿವಂತರ ರೂಢಿ. ಹಸುವಿನ ಹಾಲಿನಲ್ಲಿ ಕಬ್ಬಿಣ ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟು; ಅದರ ಸುಣ್ಣದ ಅಂಶ ಬೇರೆ ಆಹಾರದ ಕಬ್ಬಿಣಕ್ಕೂ ಅಡ್ಡಿ, ಪುಟ್ಟ ಕೂಸಿನ ಕರುಳಿನಲ್ಲಿ ಕಣ್ಣಿಗೆ ಕಾಣದ ರಕ್ತಸ್ರಾವವನ್ನೂ ಮಾಡಬಲ್ಲದು. ಇನ್ನೊಂದು ಬಿ12. ಅದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಹಾಲು ಮೊಸರನ್ನೂ ಕಡಿಮೆ ತಿನ್ನುವ ಸಸ್ಯಾಹಾರಿ ತಾಯಿಯಲ್ಲಿ ಅದು ಬರಿದಾದರೆ ಎದೆಹಾಲಿನಲ್ಲೂ ಬರಿದು. ಮಗು ಮಂಕಾಗುತ್ತದೆ, ಕಲಿತದ್ದನ್ನು ಮರೆಯುತ್ತದೆ, ಕೆಲವೊಮ್ಮೆ ಕೈಕಾಲು ನಡುಗುತ್ತವೆ. ಭಾರತದ ಮಕ್ಕಳ ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಈ ಸ್ಥಿತಿಗೆ ಕೂಲಿಲೈನೇ ಬೇಕೆಂದಿಲ್ಲ. ಪರೀಕ್ಷೆ ಮಾಡಿಸಿ ಬಸುರಿಗೆ ಮಾತ್ರೆ ಕೊಟ್ಟರೆ ತಡೆಯಬಹುದು. ಆ ಮನೆಗಳಿಗೆ ಯಾರೂ ಹೋಗಿ ತಿಳಿವಳಿಕೆ ಕೊಡುವುದಿಲ್ಲ, ಅಲ್ಲಿ ಎಲ್ಲರೂ ತಿಳಿದವರು.

ತಿಳಿವಳಿಕೆಗೆ ಬೆಲೆಯೇ ಇಲ್ಲವೆಂದಲ್ಲ. ಪಡಿತರ ಅಕ್ಕಿಗೆ ನೂರಕ್ಕೊಂದರಂತೆ ಬೆರೆಸಿದ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿದ ಸಾರವರ್ಧಿತ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ತಿಳಿದು ಆರಿಸಿ ಎಸೆದವರು ರಾಜ್ಯದ ತುಂಬ ಇದ್ದಾರೆ. ಅಲ್ಲಿ ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳುವ ಮೊದಲೇ ಚೀಲಗಳು ಬಂದವು. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಬಸುರಿನಿಂದ ಮಗುವಿಗೆ ಎರಡು ವರ್ಷವಾಗುವವರೆಗೆ ಮನೆ ಮನೆಗೆ ಭೇಟಿ, ಹೆಂಗಸರ ಗುಂಪು ಸಭೆ, ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದರು. ಕಡಿಮೆ ತೂಕದ ಮಕ್ಕಳ ಪ್ರಮಾಣ ತಗ್ಗಿತು, ಕೂಸುಗಳ ಸಾವು ತಗ್ಗಿತು. ಸಣ್ಣ ಸಾಧನೆಯಲ್ಲ ಅದು. ಆದರೆ ಮಕ್ಕಳ ಉದ್ದ ಬದಲಾಗಲಿಲ್ಲ. ವರ್ಷಕ್ಕೊಮ್ಮೆ ರಂಗೋಲಿ ಬಿಡಿಸುವವರಿಗೆ ಹೋಲಿಸಿದರೆ ಎಷ್ಟೋ ಪಟ್ಟು ಗಂಭೀರವಾದ ಆ ತಿಳಿವಳಿಕೆಯ ಮಿತಿಯೇ ಅಷ್ಟು.

ಇನ್ನು ಮೊಟ್ಟೆ. 2021ರಲ್ಲಿ ಮಠಾಧೀಶರು ವಿರೋಧಿಸಿದರು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಒಂದು ಸಮಿತಿ ಸಲ್ಲಿಸಿದ ಪ್ರಬಂಧ, ಭಾರತೀಯರ ಚಿಕ್ಕ ಮೈಕಟ್ಟಿಗೆ ಮೊಟ್ಟೆ ಮಾಂಸದ ಕೊಲೆಸ್ಟೆರಾಲ್ ಒಗ್ಗದು ಎಂಬರ್ಥದ ವಾದ ಹೂಡಿತು. ಮೈಕಟ್ಟು ಚಿಕ್ಕದಾಗಿರುವುದೇ ತಿನ್ನಲು ಸಿಗದೆ ಎಂಬ ಸಾಧ್ಯತೆ ಆ ಸಮಿತಿಗೆ ಹೊಳೆಯದಿದ್ದದ್ದು ಸೋಜಿಗ. ಆದರೂ ಮೊಟ್ಟೆ ರಾಜ್ಯಕ್ಕೆಲ್ಲ ಬಂತು; 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನವಾಯಿತು. ಸಂತೋಷ. ಆದರೆ ಶಾಲೆಯ ಮೊಟ್ಟೆ ಮಗುವನ್ನು ಮುಟ್ಟುವುದು ಆರನೇ ವರ್ಷಕ್ಕೆ. ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನು, ಬಿ12, ಎ ಜೀವಸತ್ವಗಳ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಒಂದನೇ ವರ್ಷಕ್ಕೆ. ಆ ವಯಸ್ಸಿನವರ ಪರ ಬೀದಿಗಿಳಿದವರೂ ಇಲ್ಲ, ವಿರುದ್ಧ ಇಳಿದವರೂ ಇಲ್ಲ. ಮಲೆಕುಡಿಯ, ಹಸಲರು, ಗೌಡಲು ಮುಂತಾದ ಬುಡಕಟ್ಟುಗಳಿಗೆ ಮಳೆಗಾಲದ ತಿಂಗಳುಗಳಿಗೆಂದು ಆರಂಭಿಸಿದ ಪೌಷ್ಟಿಕ ಆಹಾರದ ಕಿಟ್ಟಿನಲ್ಲಿ ಮೊಟ್ಟೆ, ಬೇಳೆ, ತುಪ್ಪ, ಬೆಲ್ಲ ಇವೆ. ಸರ್ಕಾರಕ್ಕೆ ಸರಿಯಾದ ದಾರಿ ಗೊತ್ತಿಲ್ಲದೆ ಇಲ್ಲ. ಲೈನ್ ಮನೆಯಲ್ಲಿರುವ ಪರಿಶಿಷ್ಟ ಜಾತಿಯ ಮಗುವಿಗೂ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಗುವಿಗೂ ಆ ಕಿಟ್ಟು ಇಲ್ಲ ಅಷ್ಟೇ.

ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿಗೆ ಕೊಕ್ಕೆಹುಳ ಅಂಗಾಲಿನಿಂದಲೇ ಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಫೆಬ್ರವರಿ, ಆಗಸ್ಟ್‌ನಲ್ಲಿ ಕೊಡುವ ಅಲ್ಬೆಂಡಜೋಲ್ ಹುಳ ಕೊಲ್ಲುತ್ತದೆ; ಶೌಚಾಲಯವಿಲ್ಲದ ಲೈನಿನ ಹಿಂದಿನ ನೆಲ ಅದನ್ನು ಮತ್ತೆ ಕೊಡುತ್ತದೆ. ಗುಡ್ಡದ ಅಬ್ಬಿ ನೀರು ತಿಳಿಯಾಗಿ ಕಂಡರೂ ಮೇಲ್ಗಡೆ ದನ ನಿಲ್ಲುವ ಜಾಗ ಇದ್ದರೆ ಭೇದಿ ತಪ್ಪಿದ್ದಲ್ಲ. ವಾರಕ್ಕೆರಡು ಸಲ ಒಂದು ಮಿಲಿಯಂತೆ ಕುಡಿಸಬೇಕಾದ ಕಬ್ಬಿಣದ ಸಿರಪ್ಪು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಖಾಲಿಯಾದರೆ ಮುಂದಿನ ಬಾಟಲಿಗೆ ತಿಂಗಳು ಕಾಯಬೇಕಾಗುತ್ತದೆ. ಇವುಗಳಲ್ಲಿ ಒಂದನ್ನೂ ತಾಯಿಯೊಬ್ಬಳು ತಿಳಿದುಕೊಂಡ ಮಾತ್ರಕ್ಕೆ ಸರಿಪಡಿಸಲಾರಳು.

ಬೇಕಾಗಿರುವುದು ಹಗಲು ಹೊತ್ತು ಕೂಸನ್ನು ಹಿಡಿದು ಕೂತು ತಿನ್ನಿಸುವ ಒಂದು ಜಾಗ. ರಾಜ್ಯ ಸರ್ಕಾರ 2023ರಲ್ಲಿ ತಂದ ಕೂಸಿನ ಮನೆ ಯೋಜನೆ ಆ ದಿಕ್ಕಿನದು. ನರೇಗಾ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗೆಂದು 4,000 ಗ್ರಾಮ ಪಂಚಾಯಿತಿಗಳ ಗುರಿ ಇಟ್ಟುಕೊಂಡದ್ದು. ಆದರೆ ಮಲೆನಾಡಿನಲ್ಲಿ ನರೇಗಾಕ್ಕಿಂತ ತೋಟದ ಕೂಲಿ ಹೆಚ್ಚು, ಪಂಚಾಯಿತಿ ಕಚೇರಿಗೆ ಲೈನ್ ಮನೆಯಿಂದ ನಾಲ್ಕೈದು ಕಿಲೋಮೀಟರ್. ಕೂಸಿನ ಮನೆ ತೋಟದ ಹತ್ತಿರ ಬರಬೇಕು, ಕೆಲಸ ಶುರುವಾಗುವ ಹೊತ್ತಿಗೇ ತೆರೆಯಬೇಕು, ಲೈನಿನ ಇಬ್ಬರು ಹೆಂಗಸರಿಗೆ ಸಂಬಳ ಕೊಟ್ಟು ನಡೆಸಬೇಕು, ಮಣ್ಣಿ ಮೊಟ್ಟೆ ಅಲ್ಲೇ ಬೇಯಬೇಕು. ಅಡಿಕೆಯನ್ನು ತೋಟಗಳ ಪಟ್ಟಿಗೆ ಸೇರಿಸಲು ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಅಧಿಸೂಚನೆ ಹೊರಡಿಸಬಹುದು. ಆದರೂ ಕಾನೂನಿನ ಮಿತಿ ಐದು ಹೆಕ್ಟೇರು. ಇಲ್ಲಿನ ಬಹುಪಾಲು ಹಿಡುವಳಿ ಅದಕ್ಕಿಂತ ಚಿಕ್ಕದು. ಹಾಗಾಗಿ ಹತ್ತು ಹದಿನೈದು ತೋಟಗಳಿಗೆ ಒಂದರಂತೆ ಜಂಟಿಯಾಗಿ ಮಾಡಬೇಕಾಗುತ್ತದೆ, ಮ್ಯಾಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘಗಳು ಕ್ವಿಂಟಲಿಗೆ ಇಷ್ಟು ಎಂದು ಎತ್ತಿಡಬೇಕಾಗುತ್ತದೆ.

ಹಳದಿ ಎಲೆ ರೋಗದಿಂದ, ಎಲೆಚುಕ್ಕೆಯಿಂದ ಬೆಳೆಗಾರನೇ ನೆಲಕಚ್ಚಿದ್ದಾನೆ, ಇದೊಂದು ಹೊರೆ ಬೇರೆಯೇ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದರಲ್ಲಿ ಹುರುಳಿದೆ. ಆದರೆ ಶೃಂಗೇರಿ ಸುತ್ತ ಅರ್ಧ ಎಕರೆ ತೋಟ ಹಳದಿಯಾಗಿ ಹೋದ ಮನೆಯ ಯಜಮಾನಿಯೂ ಈಗ ಬೇರೆಯವರ ಅಂಗಳದಲ್ಲಿ ಸುಲಿಯಲು ಕೂರುತ್ತಾಳೆ. ಅವಳ ಕೂಸನ್ನೂ ಕೂರಿಸಲು ಆ ಜಾಗ ಬೇಕು.